ಲೇಪಾಕ್ಷಿಯ ಛಾವಣಿಚಿತ್ರಗಳೂ ನಮ್ಮ ಹೊಸ ವಿನ್ಯಾಸಗಳೂ

(ಮುಂಬಯಿಯ ಶಾಖಾಮಠದ ಸಭಾಂಗಣದಲ್ಲಿ, ಆರಾಧನಾ ಮಹೋತ್ಸವದ ಅಲಂಕಾರಸೇವೆಗೆ ಸಿದ್ಧರಾಗುತ್ತಿದ್ದ ಯುವಕ ಯುವತಿಯರನ್ನೂ ಮಾತೆಯರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ)

ಶಾಸ್ತ್ರಗ್ರಂಥಗಳ ಅನುವಾದ, ಪ್ರವಚನಗಳು ನಡೆಯುವ ಈ ಸ್ಥಳದಲ್ಲಿ ಚಿತ್ರಕಲೆಯ ಅಧ್ಯಾಪಕನೊಬ್ಬನಿಗೆ ಮಾತನಾಡುವ ಅವಕಾಶ ದೊರೆತಿರುವುದು ವ್ಯವಸ್ಥಾಪಕ ಮಂಡಳಿಯವರ ಔದಾರ್ಯ. ಅವರು ನನಗೆ ಒಪ್ಪಿಸಿದ ಕೆಲಸ ಸರಳವಾದದ್ದು: ಪ್ರಾಚೀನ ಚಿತ್ರವೊಂದನ್ನು ಹೇಗೆ ನೋಡಬೇಕು, ಅದರಿಂದ ಸ್ಫೂರ್ತಿ ಪಡೆದು ನಮ್ಮ ಉತ್ಸವಕ್ಕೆ ಬೇಕಾದ ರಂಗವಲ್ಲಿ, ಪರದೆ, ಆಮಂತ್ರಣ ಪತ್ರಿಕೆಗಳಿಗೆ ಹೊಸ ವಿನ್ಯಾಸಗಳನ್ನು ಹೇಗೆ ರಚಿಸಬೇಕು ಎಂಬುದನ್ನು ತಿಳಿಸುವುದು. ಕೆಲಸ ಸರಳವೆಂದೆನಾದರೂ ಅದರೊಳಗೆ ಒಂದು ತೊಡಕಿನ ಪ್ರಶ್ನೆ ಅಡಗಿದೆ. ಚಿತ್ರದಲ್ಲಿ ಅಲಂಕಾರ ಯಾವುದು, ಅರ್ಥ ಯಾವುದು? ಯಾವುದನ್ನು ನಾವು ಎತ್ತಿಕೊಳ್ಳಬಹುದು, ಯಾವುದನ್ನು ಅದರ ಸ್ಥಾನದಲ್ಲಿಯೇ ಬಿಟ್ಟು ನಮಸ್ಕರಿಸಬೇಕು?

ಉದಾಹರಣೆಗಾಗಿ ನಾನು ಆರಿಸಿಕೊಂಡಿರುವುದು ಲೇಪಾಕ್ಷಿಯ ಶ್ರೀ ವೀರಭದ್ರ ದೇವಾಲಯದ ಛಾವಣಿಯ ಚಿತ್ರಗಳನ್ನು. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಆಮೆಯ ಬೆನ್ನಿನಂತಿರುವ ಕೂರ್ಮಶೈಲವೆಂಬ ಬಂಡೆಗುಡ್ಡದ ಮೇಲೆ ಈ ಗುಡಿಯಿದೆ. ಮೊದಲು ಅನಂತಪುರ ಜಿಲ್ಲೆಗೆ ಸೇರಿದ್ದ ಈ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ಅಂದರೆ 1529ರಿಂದ 1542ರ ನಡುವೆ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಇದನ್ನು ಬೆಳೆಸಿದರು. ಅದೇ ಕಾಲದಲ್ಲಿ ನಮ್ಮ ಶ್ರೀ ವ್ಯಾಸರಾಜರು ಅದೇ ಸಾಮ್ರಾಜ್ಯದಲ್ಲಿ ರಾಜಮನ್ನಣೆಗೆ ಪಾತ್ರರಾಗಿದ್ದರು. 1539ರಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ಅವರ ವೃಂದಾವನವಾಯಿತು. ಶ್ರೀ ಪುರಂದರದಾಸರು ಹಾಡುತ್ತಿದ್ದುದೂ ಅದೇ ದಶಕಗಳಲ್ಲಿಯೇ. ಆದುದರಿಂದ ಆ ಛಾವಣಿಯಲ್ಲಿ ಕಾಣುವ ಸೀರೆ, ಉತ್ತರೀಯ, ಕುಲಾವಿ, ಆಭರಣಗಳು ನಮಗೆ ಪರಕೀಯವಲ್ಲ. ನಮ್ಮ ದಾಸರು ಕಣ್ಣಾರೆ ಕಂಡಿದ್ದ ಜನರ ಉಡುಗೆ ತೊಡುಗೆ ಅದು.

ಶಿವಾಲಯದ ಚಿತ್ರವನ್ನೇ ಏಕೆ ಆರಿಸಿಕೊಂಡಿರಿ ಎಂದು ಹಿರಿಯರೊಬ್ಬರು ಈಗಾಗಲೇ ಮೆಲ್ಲನೆ ಕೇಳಿದ್ದಾರೆ. ಮನೋನಿಯಾಮಕರಾದ ರುದ್ರದೇವರ ಸನ್ನಿಧಿಗೆ ಹೋಗಲು ನಮಗೆ ಸಂಕೋಚವೇಕೆ ಎಂಬುದು ಒಂದು ಉತ್ತರ. ಆ ಗುಡಿಯೊಳಗೆ ರಘುನಾಥನ ಗರ್ಭಗೃಹವೂ ಇದೆ, ಛಾವಣಿಯಲ್ಲಿ ಶ್ರೀರಾಮ ಪಟ್ಟಾಭಿಷೇಕ, ದ್ರೌಪದೀ ಸ್ವಯಂವರ, ವಟಪತ್ರಶಾಯಿ ಕೃಷ್ಣ ಇದ್ದಾರೆ ಎಂಬುದು ಇನ್ನೊಂದು ಉತ್ತರ. ಪಾರ್ವತೀ ಕಲ್ಯಾಣ, ಕಿರಾತಾರ್ಜುನೀಯ, ಮನುನೀತಿ ಚೋಳನ ಕಥೆಗಳೂ ಅಲ್ಲಿವೆ. ಅರ್ಧಮಂಟಪದ ಛಾವಣಿಯನ್ನೆಲ್ಲ ವ್ಯಾಪಿಸಿರುವ ವೀರಭದ್ರನ ಬೃಹತ್ ಚಿತ್ರದ ಕೆಳಗೆ ಗುಡಿ ಕಟ್ಟಿಸಿದ ಸಹೋದರರು ಪರಿವಾರದೊಡನೆ ಕೈಮುಗಿದು ನಿಂತಿದ್ದಾರೆ. ದೇವರು ಎಷ್ಟು ದೊಡ್ಡವನೋ ದಾನಿಗಳು ಅಷ್ಟು ಚಿಕ್ಕವರು. ಇಂದಿನ ಬ್ಯಾನರುಗಳಲ್ಲಿ ಈ ಪ್ರಮಾಣ ತಲೆಕೆಳಗಾಗಿರುವುದನ್ನು ತಾವೆಲ್ಲ ಬಲ್ಲಿರಿ.

ಇನ್ನು ಚಿತ್ರವನ್ನು ನೋಡುವ ಕ್ರಮ. ಶ್ರೀವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವಿದೆ. ವಜ್ರನೆಂಬ ರಾಜನು ಪ್ರತಿಮಾಲಕ್ಷಣವನ್ನು ಹೇಳಿರೆಂದು ಕೇಳಿದಾಗ, ಅದಕ್ಕೆ ಚಿತ್ರವಿದ್ಯೆ ತಿಳಿದಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ತಿಳಿದಿರಬೇಕು ಎಂದು ಉತ್ತರಿಸುವವರು ಮಾರ್ಕಂಡೇಯ ಮಹರ್ಷಿಗಳು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವರು ಮತ್ತೆ ಬರುತ್ತಾರೆ. ಅದೇ ಚಿತ್ರಸೂತ್ರವು, ಬಲ್ಲ ಆಚಾರ್ಯರು ಮೆಚ್ಚುವುದು ರೇಖೆಯನ್ನು, ಸಾಮಾನ್ಯರು ಮೆಚ್ಚುವುದು ಬಣ್ಣದ ಸಂಪತ್ತನ್ನು ಎಂಬ ಅಭಿಪ್ರಾಯವನ್ನು ಮುಂದಿಡುತ್ತದೆ. ಲೇಪಾಕ್ಷಿಗೆ ಈ ಅಳತೆಗೋಲು ಸರಿಯಾಗಿ ಹೊಂದುತ್ತದೆ. ಅಲ್ಲಿ ಕಲ್ಲಿನ ಚಪ್ಪಡಿಯ ಮೇಲೆ ಸುಣ್ಣದ ಗಾರೆ ಬಳಿದು ನುಣುಪುಗೊಳಿಸಿ, ಅದರ ಮೇಲೆ ಖನಿಜವರ್ಣಗಳಿಂದ ಬರೆದಿದ್ದಾರೆ. ಕಾವಿಕಲ್ಲಿನ ಕೆಂಪು, ಹಳದಿ ಮಣ್ಣು, ಸುಣ್ಣದ ಬಿಳುಪು, ಕಾಡಿಗೆಯ ಕಪ್ಪು, ಅಲ್ಲಲ್ಲಿ ಹಸುರು. ನೀಲಿ ಬಹು ವಿರಳ. ಬಣ್ಣಕ್ಕೆ ನೆರಳು ಬೆಳಕಿನ ಆಟವಿಲ್ಲ. ಬಳಿದ ಬಣ್ಣ ಸಮತಟ್ಟಾಗಿ ನಿಂತಿದೆ. ಆಕೃತಿಗೆ ಜೀವ ಬಂದಿರುವುದೆಲ್ಲ ಕೊನೆಯಲ್ಲಿ ಎಳೆದ ಕಪ್ಪು ರೇಖೆಯಿಂದ. ಬಹುಪಾಲು ಮುಖಗಳನ್ನು ಪಾರ್ಶ್ವದಿಂದ ಬರೆದಿರುವುದರಿಂದ ಮೂಗಿನ, ಗಲ್ಲದ, ತುರುಬಿನ ತಿರುವುಗಳು ರೇಖೆಗೆ ಬೇಕಾದಷ್ಟು ಕೆಲಸ ಕೊಡುತ್ತವೆ.

ಅಲ್ಲಿನ ಸ್ತ್ರೀಯರ ಸೀರೆಗಳನ್ನು ಕುರಿತು ನಾನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ನಮ್ಮ ಕೆಲಸಕ್ಕೆ ಬೇಕಾದ ಬಂಡವಾಳ ಇರುವುದೇ ಅಲ್ಲಿ. ಪಾರ್ವತೀ ಕಲ್ಯಾಣಕ್ಕೆ ಬಂದ ಸ್ತ್ರೀಸಮೂಹವನ್ನು ನೋಡಿದರೆ ಪಕ್ಕಪಕ್ಕದಲ್ಲಿ ನಿಂತವರ ಸೀರೆಗಳು ಒಂದರಂತೆ ಒಂದಿಲ್ಲ. ಒಬ್ಬಳದು ಪಟ್ಟೆ, ಒಬ್ಬಳದು ಚೌಕುಳಿ, ಮತ್ತೊಬ್ಬಳದು ಚೌಕದೊಳಗೆ ಹೂವು, ಇನ್ನೊಬ್ಬಳದು ಬಳ್ಳಿ. ಮುಖಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ವ್ಯಕ್ತಿಗಳನ್ನು ಬೇರೆ ಬೇರೆ ಎಂದು ತೋರಿಸುವ ಭಾರವನ್ನು ಚಿತ್ರಕಾರನು ಬಟ್ಟೆಗೆ ಹೊರಿಸಿದ್ದಾನೆ. ಇನ್ನೊಂದು ವಿಶೇಷವಿದೆ. ದೇಹ ಬಾಗಿದ್ದರೂ ಸೀರೆಯ ಚೌಕಗಳು ಬಹುಮಟ್ಟಿಗೆ ಬಾಗುವುದಿಲ್ಲ. ನೆರಿಗೆಯಲ್ಲಿ ವಿನ್ಯಾಸ ಮುರಿಯಬೇಕಾದ ಕಡೆ ಅವನು ಮುರಿಯದೆ, ಮಗ್ಗದಿಂದ ಈಗತಾನೆ ಇಳಿಸಿ ಹರಡಿದ ಬಟ್ಟೆಯಂತೆ ನೇರವಾಗಿ ಬರೆದುಬಿಡುತ್ತಾನೆ. ಪಾಶ್ಚಾತ್ಯ ಶಿಕ್ಷಣ ಪಡೆದ ಕಣ್ಣಿಗೆ ಇದು ದೋಷವೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಬಟ್ಟೆ ದೇಹದ ಮೇಲೆ ಹೇಗೆ ಕಂಡಿತೆಂಬುದಕ್ಕಿಂತ ನೇಕಾರನು ಅದನ್ನು ಹೇಗೆ ನೆಯ್ದನೆಂಬುದನ್ನು ಅವನು ನಮಗೆ ಉಳಿಸಿಕೊಟ್ಟಿದ್ದಾನೆ. ಸುಮಾರು 500 ವರ್ಷಗಳ ಹಿಂದಿನ ಬಟ್ಟೆ ನಮ್ಮ ಹವೆಯಲ್ಲಿ ಉಳಿಯುವುದು ಅಪರೂಪ. ಅದರ ನಕ್ಷೆ ಮಾತ್ರ ಸುಣ್ಣದ ಮೇಲೆ ಉಳಿದಿದೆ. ಅದೇ ಆವರಣದಲ್ಲಿರುವ ಲತಾಮಂಟಪದ ಕಂಬಗಳಲ್ಲಿ ಇಂತಹ ಬಳ್ಳಿ, ಹೂವು, ಹಕ್ಕಿಗಳ ಮಾದರಿಗಳನ್ನು ಕಲ್ಲಿನಲ್ಲಿಯೂ ಕೆತ್ತಿದ್ದಾರೆ. ಸಮೀಪದ ಧರ್ಮಾವರದ ರೇಷ್ಮೆ ಸೀರೆಗಳ ಅಂಚು ಸೆರಗುಗಳಿಗೆ ಈ ಮಾದರಿಗಳು ಇಂದಿಗೂ ಆಕರವಾಗಿವೆ. ನಿಮ್ಮಲ್ಲಿ ಕೆಲವರು ಈಗ ಉಟ್ಟಿರುವ ಸೀರೆಯಲ್ಲಿಯೇ ಲೇಪಾಕ್ಷಿಯ ಒಂದು ಬಳ್ಳಿ ಇದ್ದರೂ ಆಶ್ಚರ್ಯವಿಲ್ಲ.

ಹಳೆಯ ಚಿತ್ರವನ್ನು ಪ್ರತಿಮಾಡಿ ಹೊಸದಕ್ಕೆ ಹೋಗುವ ಈ ದಾರಿ ನಾವು ಕಂಡುಹಿಡಿದದ್ದಲ್ಲ. ನಮ್ಮ ಈ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳೇ, ಜಾನ್ ಗ್ರಿಫಿತ್ಸ್ ಎಂಬ ಅಧ್ಯಾಪಕರ ನೇತೃತ್ವದಲ್ಲಿ, 1872ರಿಂದ 1885ರವರೆಗೆ ಆಗಾಗ ಅಜಂತಾಕ್ಕೆ ಹೋಗಿ ಗುಹೆಗಳ ಚಿತ್ರಗಳನ್ನು ಪ್ರತಿಮಾಡಿದರು. ಗ್ರಿಫಿತ್ಸರು 1896–97ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಒಂದನ್ನು ಅಲಂಕಾರದ ವಿವರಗಳಿಗೇ ಮೀಸಲಿಟ್ಟರು. ಆ ಶಾಲೆಯ ಕುಂಬಾರಿಕೆಯ ವಿಭಾಗದಲ್ಲಿ ಹೂಜಿ, ತಟ್ಟೆಗಳ ಮೇಲೆ ಅಜಂತಾದ ಮಾದರಿಗಳು ಮೂಡಿದವು. ಆದರೆ ಪ್ರತಿಗಳ ವಿಧಿಯನ್ನೂ ನೋಡಿ: ಅದಕ್ಕೂ ಮೊದಲು ರಾಬರ್ಟ್ ಗಿಲ್ ಮಾಡಿದ್ದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಬೆಂಕಿಗೆ ಆಹುತಿಯಾದವು, ಗ್ರಿಫಿತ್ಸರ ತಂಡದ ಅನೇಕ ಪ್ರತಿಗಳು 1885ರಲ್ಲಿ ಅದೇ ನಗರದ ಇನ್ನೊಂದು ಬೆಂಕಿಯಲ್ಲಿ ಸುಟ್ಟವು. ಮುಂದೆ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ ಮೂರನೆಯ ಬಾರಿ ಈ ಕೆಲಸಕ್ಕೆ ಕೈಹಾಕಿದಾಗ ಅವರಿಗೆ ನೆರವಾದ ತರುಣರಲ್ಲಿ ನಂದಲಾಲ್ ಬೋಸರೂ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಅಜಂತಾದ ರೇಖೆಯನ್ನು ಕೈಗೆ ಒಗ್ಗಿಸಿಕೊಂಡ ಆ ನಂದಲಾಲರೇ ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದರು. ಕಾಗದದ ಪ್ರತಿ ಸುಟ್ಟುಹೋಗಬಹುದು, ಕೈಗೆ ಬಂದ ರೇಖೆ ಸುಡುವುದಿಲ್ಲ.

ಈಗ ಲೇಪಾಕ್ಷಿಗೆ ಹಿಂದಿರುಗಿ, ಸೀರೆಯೊಂದರ ಮಾದರಿಯನ್ನು ಹೊಸದಾಗಿಸುವ ಕ್ರಮವನ್ನು ನೋಡೋಣ. ಮೊದಲು ಹುಡುಕಬೇಕಾದದ್ದು ಆವರ್ತವನ್ನು. ಅಂದರೆ, ಯಾವ ಅತಿ ಚಿಕ್ಕ ತುಂಡನ್ನು ಮರಳಿ ಮರಳಿ ಇಟ್ಟರೆ ಇಡೀ ವಿನ್ಯಾಸ ಬರುತ್ತದೆಯೋ ಆ ತುಂಡನ್ನು. ಚೌಕುಳಿ ಹಾಳೆಯ ಮೇಲೆ 12 ಮನೆ ಅಗಲ, 12 ಮನೆ ಎತ್ತರಕ್ಕೆ ಅದೊಂದನ್ನೇ ಬರೆದುಕೊಳ್ಳಿ. ಹೂವಿಗೆ ಎಷ್ಟು ಮನೆ, ಖಾಲಿ ಎಷ್ಟು ಮನೆ ಎಂದು ಎಣಿಸಿರಿ. ಖಾಲಿಯನ್ನು ಎಣಿಸುವುದನ್ನು ಮಕ್ಕಳು ಮರೆಯುತ್ತಾರೆ, ದೊಡ್ಡವರು ಇನ್ನೂ ಹೆಚ್ಚಾಗಿ ಮರೆಯುತ್ತಾರೆ. ಪ್ರಾಚೀನರ ವಿನ್ಯಾಸ ಹಗುರವಾಗಿ ಕಾಣುವುದು ಆ ಖಾಲಿಯಿಂದ. ಅನಂತರ ಆವರ್ತವನ್ನು ಒಂದು ಸಾಲಿನಲ್ಲಿ ನೇರವಾಗಿಟ್ಟು, ಮುಂದಿನ ಸಾಲನ್ನು ಅರ್ಧದಷ್ಟು ಸರಿಸಿ ನೋಡಿ. ಅಷ್ಟರಿಂದಲೇ ಚೌಕುಳಿಯು ವಜ್ರಾಕೃತಿಯಾಗುತ್ತದೆ.

ಇದನ್ನು ರಂಗವಲ್ಲಿಗೆ ತರುವಾಗ ಮತ್ತೊಂದು ಮಾರ್ಪಾಡು ತಾನಾಗಿಯೇ ಒದಗುತ್ತದೆ. ನೇರ ಚುಕ್ಕಿಯಲ್ಲಿ ಇಟ್ಟರೆ ಲೇಪಾಕ್ಷಿಯ ನಾಲ್ಕೆಸಳಿನ ಹೂವು ನಾಲ್ಕೆಸಳಿನದಾಗಿಯೇ ಉಳಿಯುತ್ತದೆ. ಸಂದು ಚುಕ್ಕಿಯಲ್ಲಿ ಇಟ್ಟರೆ ಪ್ರತಿಯೊಂದು ಚುಕ್ಕಿಗೂ ಸುತ್ತ ಆರು ನೆರೆಹೊರೆಯ ಚುಕ್ಕಿಗಳಿರುವುದರಿಂದ ಅದೇ ಹೂವು ಆರೆಸಳಿನದಾಗಲು ಬಯಸುತ್ತದೆ. ನಮ್ಮ ತಾಯಂದಿರಿಗೆ ಪರಿಚಿತವಾದ, 15ರಿಂದ 8ರವರೆಗೆ ಇಳಿಯುವ ಸಂದು ಚುಕ್ಕಿಯನ್ನೇ ತೆಗೆದುಕೊಳ್ಳಿ: ಒಟ್ಟು 169 ಚುಕ್ಕಿಗಳು, ಷಟ್ಕೋನದ ಆಕಾರ. ಲೇಪಾಕ್ಷಿಯ ಸೀರೆ ಅಲ್ಲಿ ಲೇಪಾಕ್ಷಿಯದಾಗಿ ಉಳಿಯುವುದಿಲ್ಲ, ನಮ್ಮ ಅಂಗಳದ್ದಾಗುತ್ತದೆ. ಹೊಸ ವಿನ್ಯಾಸವೆಂದರೆ ಬಹಳ ಸಲ ಇಷ್ಟೇ. ಹಳೆಯದನ್ನು ಬೇರೆ ಸಾಧನದ ನಿಯಮಕ್ಕೆ ಒಪ್ಪಿಸುವುದು, ಆ ನಿಯಮ ಕೇಳಿದ ಬದಲಾವಣೆಯನ್ನು ಮಾತ್ರ ಮಾಡುವುದು. ಗಣಕಯಂತ್ರದಲ್ಲಿ ಒಂದು ಗುಂಡಿಯೊತ್ತಿ ಹೂವನ್ನು ಎಳೆದು ಹಿಗ್ಗಿಸಿದರೆ ಆಗುವ ಬದಲಾವಣೆಗೆ ಇಂತಹ ಕಾರಣವಿರುವುದಿಲ್ಲ. ಅದು ಕಣ್ಣಿಗೆ ತಿಳಿದುಬಿಡುತ್ತದೆ.

ಪರದೆಯ ಅಂಚಿನದು ಬೇರೆ ತೊಂದರೆ. ಛಾವಣಿಯಲ್ಲಿ ಕಥೆಯಿಂದ ಕಥೆಯನ್ನು ಬೇರ್ಪಡಿಸುವ ಪಟ್ಟಿಗಳು ಉದ್ದಕ್ಕೆ ನೇರವಾಗಿ ಹರಿಯುತ್ತವೆ. ಬಾಗಿಲಿನ ಪರದೆಗೋ ನಾಲ್ಕು ಮೂಲೆಗಳಿವೆ. ಬಳ್ಳಿಯನ್ನು ಮೂಲೆಯಲ್ಲಿ ಬಾಗಿಸಲು ಹೋದರೆ ಎಲೆಗಳು ಒಂದರ ಮೇಲೊಂದು ಬೀಳುತ್ತವೆ. ಬಾಗಿಸುವುದೇ ಬೇಡ, ಮೂಲೆಯಲ್ಲಿ ಒಂದು ಚೌಕವಿಟ್ಟು ಅದರಲ್ಲಿ ಪದ್ಮವನ್ನು ಬರೆದು, ಬಳ್ಳಿಯನ್ನು ಎರಡೂ ಕಡೆಯಿಂದ ತಂದು ಅಲ್ಲಿಗೆ ನಿಲ್ಲಿಸಿರಿ.

ಇಷ್ಟರವರೆಗೆ ಹೇಳಿದ್ದರಲ್ಲಿ ಯಾರಿಗೂ ಆಕ್ಷೇಪವಿರಲಾರದು. ಕಷ್ಟ ಬರುವುದು ವಟಪತ್ರಶಾಯಿಯ ಚಿತ್ರದ ಮುಂದೆ. ಆಲದೆಲೆಯ ಮೇಲೆ ಮಲಗಿದ ಆ ಶಿಶುವಿನ ಕಣ್ಣುಗಳು, ನಾವು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತವೆಂದು ಅಲ್ಲಿನ ಮಾರ್ಗದರ್ಶಿಗಳು ಪ್ರತಿಯೊಬ್ಬ ಯಾತ್ರಿಕನಿಗೂ ತೋರಿಸುತ್ತಾರೆ. ಕಣ್ಣುಗುಡ್ಡೆಯನ್ನು ನಡುವೆ ಇಟ್ಟು ಎದುರು ನೋಡುವಂತೆ ಬರೆದ ಯಾವ ಮುಖವೂ ಹಾಗೆ ಕಾಣುತ್ತದೆ ಎಂದು ಚಿತ್ರಕಲೆಯ ಅಧ್ಯಾಪಕನಾಗಿ ನಾನು ಹೇಳಬೇಕಾಗುತ್ತದೆ. ಪಾರ್ಶ್ವಮುಖಗಳೇ ತುಂಬಿದ ಛಾವಣಿಯಲ್ಲಿ ಆ ನೋಟವನ್ನು ಯಾರಿಗೆ ಕೊಡಬೇಕೆಂದು ಚಿತ್ರಕಾರನು ಆರಿಸಿದನಲ್ಲ, ಮೆಚ್ಚಬೇಕಾದದ್ದು ಅದನ್ನು.

ಈ ಕಥೆ ಶ್ರೀಮದ್ಭಾಗವತದ ದ್ವಾದಶ ಸ್ಕಂಧದ್ದು. ಪ್ರಳಯಜಲದಲ್ಲಿ ತೊಳಲುತ್ತಿದ್ದ ಮಾರ್ಕಂಡೇಯರು (ಚಿತ್ರಸೂತ್ರವನ್ನು ಉಪದೇಶಿಸಿದವರೆಂದು ಆಗ ಹೇಳಿದ ಅದೇ ಮಹರ್ಷಿಗಳು) ಆಲದ ಮರವೊಂದರ ಈಶಾನ್ಯದ ಕೊಂಬೆಯಲ್ಲಿ, ಎಲೆಯ ದೊನ್ನೆಯೊಳಗೆ, ತನ್ನ ಪಾದವನ್ನು ತಾನೇ ಬಾಯಿಗಿಟ್ಟುಕೊಂಡ ಶಿಶುವನ್ನು ಕಂಡರು. ಆ ಶಿಶುವಿನ ಉಸಿರಿನೊಡನೆ ಒಳಹೊಕ್ಕು ಸಮಸ್ತ ಬ್ರಹ್ಮಾಂಡವನ್ನು ಅಲ್ಲಿ ನೋಡಿದರು. ನಮ್ಮ ಸಂಪ್ರದಾಯದಲ್ಲಿ ಆ ಪ್ರಳಯೋದಕ, ಆ ವಟಪತ್ರ, ಸುತ್ತಲ ಆ ಕತ್ತಲೆ ಇವು ಶ್ರೀ, ಭೂ, ದುರ್ಗಾರೂಪಗಳಿಂದ ಲಕ್ಷ್ಮೀದೇವಿಯೇ ಎಂದು ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ.

ಹೋದ ವಾರದ ಅಭ್ಯಾಸದಲ್ಲಿ ಒಬ್ಬ ವಿದ್ಯಾರ್ಥಿನಿ ಬಹಳ ಸೊಗಸಾದ ಒಂದು ವಿನ್ಯಾಸ ತಂದಳು. ಕೃಷ್ಣನನ್ನು ಬಿಟ್ಟು ಎಲೆಯನ್ನು ಮಾತ್ರ ಆವರ್ತವಾಗಿ ತೆಗೆದುಕೊಂಡು, ಎಲೆಯ ತುದಿಗೆ ಎಲೆಯ ತೊಟ್ಟು ಸೇರುವಂತೆ ಅಂಚು ಕಟ್ಟಿದ್ದಳು. ಸಭಾಂಗಣದ ಜಮಖಾನಕ್ಕೆ ಅದು ಒಪ್ಪುತ್ತದೆಂಬುದು ಅವಳ ಸೂಚನೆ. ಮೂರ್ತಿಯನ್ನು ನೆಲದ ಮೇಲೆ ಹಾಕಬಾರದೆಂಬ ವಿವೇಕ ಅವಳಿಗಿತ್ತು. ಆದುದರಿಂದಲೇ ಎಲೆಯನ್ನು ಮಾತ್ರ ಆರಿಸಿದ್ದಳು. ಬೇರೆ ಯಾವುದೇ ಚಿತ್ರದಲ್ಲಿ ಎಲೆ ಅಲಂಕಾರ, ಶಿಶು ವಿಷಯ ಎಂಬ ವಿಭಾಗ ಸರಿಹೋಗುತ್ತಿತ್ತು. ಇಲ್ಲಿ ಆ ಗೆರೆ ಎಲೆಯ ಹೊರಗೆ ಬೀಳುತ್ತದೆ, ಒಳಗೆ ಅಲ್ಲ. ಅವಳ ರೇಖೆ ಸರಿಯಾಗಿಯೇ ಇತ್ತು. ಬದಲಾಗಬೇಕಾದದ್ದು ಸ್ಥಾನ ಮಾತ್ರ. ಅದೇ ಅಂಚು ಈಗ ತೊಟ್ಟಿಲ ಸೇವೆಯ ಮಂಟಪದ ಮೇಲ್ಕಟ್ಟಿಗೆ ಬರುತ್ತದೆ. ಜಮಖಾನಕ್ಕೆ ಸೀರೆಯ ಚೌಕುಳಿ ಸಾಕು.

ಆಮಂತ್ರಣ ಪತ್ರಿಕೆಯ ವಿಚಾರದಲ್ಲಿ ಮಂಡಳಿಯಲ್ಲಿಯೇ ಭಿನ್ನಾಭಿಪ್ರಾಯವಿದೆ. ಭಗವಂತನ, ಗುರುಗಳ ಚಿತ್ರಗಳನ್ನು ಪತ್ರಿಕೆಯ ಮುಖದ ಮೇಲೆ ಮುದ್ರಿಸುತ್ತೇವೆ; ಉತ್ಸವ ಮುಗಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಈ ನಗರದ ರಸ್ತೆಗಳಲ್ಲಿ ನಡೆಯುವ ಎಲ್ಲರೂ ಕಂಡಿದ್ದಾರೆ. ಊದುಬತ್ತಿಯ ಪೊಟ್ಟಣ, ಮದುವೆಯ ಕರೆಯೋಲೆ, ಹಳೆಯ ಕ್ಯಾಲೆಂಡರು, ಎಲ್ಲದರ ಮೇಲೆಯೂ ದೇವರು. ಹೊರಮುಖಕ್ಕೆ ಬಳ್ಳಿ ಮತ್ತು ಹಂಸದ ಅಂಚನ್ನು ಮಾತ್ರ ಇಡೋಣ, ಮೂರ್ತಿಯ ಚಿತ್ರವನ್ನು ಮನೆಯಲ್ಲಿ ಕಾಪಾಡಿಕೊಳ್ಳುವ ಸ್ಮರಣ ಸಂಚಿಕೆಯ ಒಳಪುಟದಲ್ಲಿ ಇಡೋಣ ಎಂಬುದು ನನ್ನ ಸೂಚನೆ. ಇದಕ್ಕೆ ಒಬ್ಬ ಪಂಡಿತರು ಗಟ್ಟಿಯಾದ ಆಕ್ಷೇಪವನ್ನೇ ಎತ್ತಿದರು: ಸಕಲ ಶಬ್ದಗಳೂ ಶ್ರೀಹರಿಯ ವಾಚಕಗಳೆಂಬುದು ನಮ್ಮ ಸಿದ್ಧಾಂತ, ಹಾಗಿದ್ದಲ್ಲಿ ಅಕ್ಷರವನ್ನೂ ಮುದ್ರಿಸುವಂತಿಲ್ಲವಲ್ಲ? ಸಿದ್ಧಾಂತದ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿಲ್ಲ, ಇರಲೂ ಬೇಕಾಗಿಲ್ಲ. ವ್ಯವಹಾರದಲ್ಲಿ ಮಾತ್ರ ನಾವು ತಾರತಮ್ಯವನ್ನು ಇಟ್ಟುಕೊಂಡೇ ಇದ್ದೇವೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಹಳೆಯ ಪತ್ರಿಕೆಯಲ್ಲಿ ತರಕಾರಿ ಕಟ್ಟಿಸಿಕೊಂಡು ಬರುತ್ತೇವೆ. ಪ್ರತಿಮೆಗೆ ಸ್ನಾನ, ನೈವೇದ್ಯ ಮಾಡಿಸುತ್ತೇವೆ. ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಪ್ರತಿಮಾಲಕ್ಷಣ, ಆಲಯನಿರ್ಮಾಣಗಳನ್ನು ಅಷ್ಟು ವಿವರವಾಗಿ ನಿರೂಪಿಸಿದ್ದಾರೆ. ರೂಪಕ್ಕೆ ಅಂತಹ ನಿಯಮವಿರುವಾಗ, ಅದನ್ನು ಪಾನ್ ಅಂಗಡಿಯ ಮುಂದೆ ಬೀಳುವ ಕಾಗದದ ಮೇಲೆ ಸಾವಿರ ಪ್ರತಿ ಅಚ್ಚುಹಾಕಲು ನನಗೆ ಕೈ ಬರುವುದಿಲ್ಲ. ತೀರ್ಮಾನ ಮಂಡಳಿಯದು. ಎರಡು ಬಗೆಯ ಕರಡುಗಳನ್ನೂ ಹೊರಗಿನ ಮೇಜಿನ ಮೇಲೆ ಇರಿಸಿದ್ದೇವೆ. ನೋಡಿ ಅಭಿಪ್ರಾಯ ಬರೆಯಿರಿ.

ಬಣ್ಣದ ಬಗ್ಗೆ ಒಂದೆರಡು ಮಾತು. ಈಗ ಅಂಗಡಿಯಲ್ಲಿ ಹತ್ತಾರು ಬಣ್ಣಗಳ ರಂಗೋಲಿ ಪುಡಿ ಸಿಗುತ್ತದೆ, ಎಲ್ಲವನ್ನೂ ಬಳಸುವ ಆಸೆ ಹುಟ್ಟುತ್ತದೆ. ಈ ಬಾರಿ ಲೇಪಾಕ್ಷಿಯ ಮಿತಿಯನ್ನು ನಾವೂ ಒಪ್ಪಿಕೊಂಡು ಕೆಂಪು, ಹಳದಿ, ಬಿಳಿ, ಕಪ್ಪು, ಸ್ವಲ್ಪ ಹಸುರಿನಲ್ಲಿಯೇ ಮುಗಿಸೋಣ. ಕಾವಿಯ ಕೆಂಪು, ಸುಣ್ಣದ ಬಿಳುಪು ನಮ್ಮ ಊರುಗಳ ಮನೆಯ ಗೋಡೆ, ಹೊಸ್ತಿಲುಗಳ ಬಣ್ಣಗಳೇ. ಕಾವಿಯಂತೂ ಮಠದ ಬಣ್ಣವೇ ಆಗಿದೆ.

ಮೂಲಚಿತ್ರಗಳ ಸ್ಥಿತಿಯನ್ನೂ ಹೇಳಿಬಿಡಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ದೇವಾಲಯವೂ ಅದರ ಏಕಶಿಲಾ ನಂದಿಯೂ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಹಾಗೆಂದು ಉದುರಿದ ಗಾರೆ ಮರಳಿ ಬರುವುದಿಲ್ಲ. ಅನೇಕ ಕಡೆ ಆಕೃತಿಯ ಅರ್ಧ ಮಾತ್ರ ಉಳಿದಿದೆ. ಸೀರೆಯಿದೆ, ಮುಖವಿಲ್ಲ, ಕೈಯಿದೆ, ಹಿಡಿದ ಹೂವಿಲ್ಲ. ಅಂತಹ ಕಡೆ ಕಾಣದಿದ್ದುದನ್ನು ಊಹಿಸಿ ಪೂರ್ಣಗೊಳಿಸಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪ್ರತಿ ಮಾಡುವಾಗ ಇದ್ದಷ್ಟನ್ನು ಬರೆದು, ಇಲ್ಲದ್ದನ್ನು ಖಾಲಿ ಬಿಡಬೇಕು. ಊಹೆಗೆ ಹೊಸ ವಿನ್ಯಾಸದ ಹಾಳೆ ಬೇರೆಯೇ ಇದೆ. ಇವೆರಡು ಹಾಳೆಗಳು ಬೆರೆತರೆ ಮುಂದಿನ ತಲೆಮಾರಿಗೆ ವಿಜಯನಗರದ ರೇಖೆ ಯಾವುದು, ನಮ್ಮದು ಯಾವುದು ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.

ಸ್ವತಃ ಹೋಗಿ ನೋಡಬೇಕೆನ್ನುವವರಿಗೆ ದಾರಿ ಕಷ್ಟದ್ದಲ್ಲ. ರಾಯರ ದರ್ಶನಕ್ಕೆಂದು ನಾವು ಮುಂಬಯಿಯಿಂದ ಹತ್ತುವ ಉದ್ಯಾನ್ ಎಕ್ಸ್‌ಪ್ರೆಸ್ ಮಂತ್ರಾಲಯಂ ರೋಡ್ ನಿಲ್ದಾಣವನ್ನು ದಾಟಿ, ಗುಂತಕಲ್ಲು, ಧರ್ಮಾವರಗಳ ಮೇಲೆ ಹಿಂದೂಪುರಕ್ಕೂ ಹೋಗುತ್ತದೆ. ಮಂತ್ರಾಲಯದ ಸೇವೆ ಮುಗಿಸಿಕೊಂಡು ಮರುದಿನ ಮುಂದಕ್ಕೆ ಪ್ರಯಾಣ ಮಾಡಬಹುದು. ಮೃದುವಾದ ಪೆನ್ಸಿಲು, ಚೌಕುಳಿ ಹಾಳೆ, ಒಂದು ಸಣ್ಣ ದುರ್ಬೀನು ಜೊತೆಗಿರಲಿ. ಕ್ಯಾಮೆರಾದ ಮಿಂಚುಬೆಳಕನ್ನು ಚಿತ್ರಗಳ ಮೇಲೆ ಹಾಯಿಸಬೇಡಿ. ಬೆಳಗಿನ ಹೊತ್ತು ಮಂಟಪದೊಳಗೆ ಬರುವ ಬೆಳಕೇ ಸಾಕಾಗುತ್ತದೆ, ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಬೇಕು ಅಷ್ಟೆ. ಕತ್ತು ನೋಯುವುದರಿಂದ ಒಂದು ಅಂಕಣಕ್ಕಿಂತ ಹೆಚ್ಚನ್ನು ಒಂದೇ ದಿನದಲ್ಲಿ ಬರೆಯುವ ಯೋಚನೆ ಇಟ್ಟುಕೊಳ್ಳಬೇಡಿ.